ಕಿವಿಗೊಂದು ಕಾಲು

ಬ್ರಿಟನ್, ಅಮೆರಿಕಗಳ ಶ್ವಾನಪ್ರದರ್ಶನಗಳಲ್ಲಿ ಕಿವಿಪಂಡಿತರೆಂಬ ಒಂದು ಪಂಗಡ ಕಾಣಸಿಗುತ್ತದೆ. ಗಂಡಸಾಗಲಿ ಹೆಂಗಸಾಗಲಿ, ಗುರುತು ಒಂದೇ: ಒಳ್ಳೆಯ ಕೋಟು, ಅದರ ಜೇಬಿನಲ್ಲಿ ಬೇಯಿಸಿದ ಲಿವರ್ ಚೂರು. ಆ ಚೂರನ್ನು ನಾಯಿಯ ಮೂಗಿನ ಮುಂದೆ ಆಡಿಸುವುದು ನಾಯಿಯ ಹೊಟ್ಟೆಗಾಗಿ ಅಲ್ಲ, ಕಿವಿಗಾಗಿ. ನಾಯಿ ರಫ್ ಕೋಲಿಯಾಗಿದ್ದರೆ, ಅಂದರೆ ಲ್ಯಾಸಿ ಸಿನಿಮಾದಿಂದ ಮನೆಮಾತಾದ ಆ ಉದ್ದಕೂದಲಿನ ಕುರಿನಾಯಿಯಾಗಿದ್ದರೆ, ಕಿವಿ ಮುಕ್ಕಾಲು ನಿಮಿರಿ ಮೇಲಿನ ಕಾಲುಭಾಗ ಮುಂದಕ್ಕೆ ಬಾಗಬೇಕು. ಪೂರ್ತಿ ನಿಂತರೆ ಮುಖದಲ್ಲಿ ‘ನಿಜವಾದ ಭಾವ’ ಮೂಡದು, ಜೋತುಬಿದ್ದರೂ ಮೂಡದು. ಎರಡಕ್ಕೂ ಅಂಕ ಕಳೆಯಿರಿ ಎನ್ನುತ್ತದೆ ಅಮೆರಿಕನ್ ಕೆನಲ್ ಕ್ಲಬ್ಬಿನ ಮಾನದಂಡ. ಕುರಿನಾಯಿ ಬದುಕಿದ್ದು ನಾಲ್ಕು ಕಾಲಿನ ಮೇಲೆ. ಪಂಡಿತರು ಕಂಡುಹಿಡಿದದ್ದು ಐದನೆಯ ಕಾಲನ್ನು, ಅದೂ ಕಿವಿಯ ತುದಿಯಲ್ಲಿ.

ಅವರನ್ನು ಮೂರ್ಖರೆನ್ನುವುದು ಅನ್ಯಾಯ. ನೂರು ಕುರಿಗಳನ್ನು ಸಭಾಂಗಣದೊಳಗೆ ತರಲಾಗದು, ಬೆಟ್ಟವನ್ನಂತೂ ತರಲಾಗದು. ಕೆಲಸ ನೋಡಲಾಗದಿದ್ದ ಮೇಲೆ ಕಾಣುವುದನ್ನೇ ನೋಡಬೇಕು, ಕಾಣುವುದರಲ್ಲಿ ಕಿವಿಯಷ್ಟು ಎತ್ತರದಲ್ಲಿರುವುದು ಇನ್ನೊಂದಿಲ್ಲ. ಕುರಿ ದೂರವಾದಷ್ಟೂ ಕಿವಿ ದೊಡ್ಡದಾಗುತ್ತದೆ ಎಂಬುದೇ ನನ್ನ ವಾದ. ಇದಕ್ಕೆ ಸಾಕ್ಷಿ ರಫ್ ಕೋಲಿಯ ದಾಯಾದಿ ಬಾರ್ಡರ್ ಕೋಲಿ. ವೇಲ್ಸಿನ ಬಾಲಾ ಊರಿನಲ್ಲಿ 1873ರಲ್ಲಿ ಕುರಿನಾಯಿಗಳ ಪಂದ್ಯ ನಡೆದಾಗ ತೀರ್ಪು ಆದದ್ದು ಕುರಿಗಳನ್ನು ಅಟ್ಟಿ ತರುವುದರ ಮೇಲೆ. ಇವತ್ತಿನ ಬಾರ್ಡರ್ ಕೋಲಿಗಳ ಮೂಲಪುರುಷ ಎನಿಸಿದ ‘ಓಲ್ಡ್ ಹೆಂಪ್’ ನಾರ್ಥಂಬರ್‌ಲೆಂಡಿನಲ್ಲಿ 1893ರಲ್ಲಿ ಹುಟ್ಟಿತು. ಸದ್ದಿಲ್ಲದೆ, ಕಚ್ಚದೆ, ಬರಿಯ ನೋಟದಿಂದ ಕುರಿಗಳನ್ನು ನಡೆಸುತ್ತಿತ್ತೆಂದು ಅದರ ಹೆಸರು ಉಳಿಯಿತು. ಕುರುಬರು ಮರಿ ಕೇಳಿಕೊಂಡು ಬಂದದ್ದು ಆ ನೋಟಕ್ಕಾಗಿ.

ಮಾನದಂಡವಿಲ್ಲದೆ ತಳಿ ಉಳಿಯುವುದು ಹೇಗೆ ಎಂದು ಪಂಡಿತರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಕುರಿನಾಯಿಗಳ ಅಂತರರಾಷ್ಟ್ರೀಯ ಸಂಘ ಹುಟ್ಟಿದ್ದು 1906ರಲ್ಲಿ. ಬ್ರಿಟನ್ನಿನ ಕೆನಲ್ ಕ್ಲಬ್ ಬಾರ್ಡರ್ ಕೋಲಿಯನ್ನು ಮಾನ್ಯ ಮಾಡಿದ್ದು 1976ರಲ್ಲಿ. ನಡುವಿನ 70 ವರ್ಷ ಕಿವಿಯ ಅಳತೆಪಟ್ಟಿ ಇಲ್ಲದೆಯೇ ತಳಿ ಬಾಳಿತು, ಬೆಳೆಯಿತು. ವಂಶಾವಳಿ ಇಲ್ಲದ ನಾಯಿಯನ್ನೂ ಕೆಲಸ ನೋಡಿ ದಾಖಲು ಮಾಡಿಕೊಳ್ಳುವ ಬಾಗಿಲು ಆ ಸಂಘದಲ್ಲಿದೆ. ಕೊನೆಗೆ ಪ್ರದರ್ಶನದವರು ಮಾನದಂಡ ಬರೆಯಲು ಕೂತಾಗ ಈ ನಾಯಿಗಳ ಕಿವಿ ಯಾವ ಸೂತ್ರಕ್ಕೂ ಬಗ್ಗಲಿಲ್ಲ. ಅಮೆರಿಕದವರು ಬರೆದದ್ದನ್ನು ಓದಿದರೆ ಸೋತು ಸಹಿ ಹಾಕಿದ ಹಾಗಿದೆ: ಒಂದು ಕಿವಿ ನಿಲ್ಲಬಹುದು, ಎರಡೂ ನಿಲ್ಲಬಹುದು, ಕಾಲುಭಾಗದಿಂದ ಮುಕ್ಕಾಲಿನವರೆಗೆ ಎಷ್ಟಾದರೂ ನಿಲ್ಲಬಹುದು, ತುದಿ ಮುಂದಕ್ಕೆ ಬೀಳಬಹುದು, ಪಕ್ಕಕ್ಕೂ ಬೀಳಬಹುದು. ಇಷ್ಟು ರಿಯಾಯಿತಿ ಕೊಟ್ಟರೂ ಪಂಡಿತರು ಸುಮ್ಮನಿರುವವರಲ್ಲ. ಮರಿಗೆ ಹಲ್ಲು ಬದಲಾಗುವ ಕಾಲಕ್ಕೆ ಕಿವಿ ಬೆಳಿಗ್ಗೆ ಒಂದು ತರಹ, ಸಂಜೆ ಒಂದು ತರಹ; ಆಗ ಅಂಟಿನ ಡಬ್ಬಿ ಹೊರಗೆ ಬರುತ್ತದೆ. ಒಳಗಿನ ಕೂದಲು ಕತ್ತರಿಸಿ, ತುದಿಯನ್ನು ಮಡಚಿ, ಬೆರಳಿನಲ್ಲಿ ಒತ್ತಿ ಹಿಡಿದು ಎಣಿಸುತ್ತಾ ಕೂರುವುದನ್ನು ನೋಡಿದರೆ ಹಪ್ಪಳ ಲಟ್ಟಿಸುವ ಶ್ರದ್ಧೆ ನೆನಪಾಗುತ್ತದೆ. ನಾಯಿ ಬಾಲಕ್ಕೆ ದಬ್ಬೆ ಕಟ್ಟಿದವರು ಸೋತರೆಂದು ನಮ್ಮ ಗಾದೆ. ಕಿವಿಗೆ ಅಂಟು ಹಚ್ಚಿದವರು ಗೆದ್ದಿದ್ದಾರೆ, ಕಪ್ಪನ್ನೂ ಗೆದ್ದಿದ್ದಾರೆ. ತೊಡಕು ಒಂದೇ. ಮುಂದಿನ ಪೀಳಿಗೆಗೆ ಒಳ್ಳೆಯ ತಂದೆತಾಯಿಯನ್ನು ಆರಿಸುವುದಕ್ಕೆ ತಾನೆ ಈ ಪರೀಕ್ಷೆ? ಮರಿಗೆ ಬಳುವಳಿಯಾಗಿ ಬರುವುದು ಅಪ್ಪನ ಕಿವಿ, ಅಪ್ಪನ ಅಂಟಲ್ಲ.

ಹಾಗೆಂದು ಕುರುಬರು ಸೌಂದರ್ಯಮೋಹ ಗೆದ್ದ ಸಂತರೇನಲ್ಲ. ಮೈಯೆಲ್ಲ ಬಿಳಿಯಿರುವ ನಾಯಿಗೆ ಕುರಿ ಹೆದರುವುದಿಲ್ಲವೆಂದು ನಂಬಿ ಮೂಗುಮುರಿಯುವವರು ಅವರಲ್ಲೂ ಇದ್ದಾರೆ. ಕಿವಿ ನಾಯಿಯ ಮನಸ್ಸನ್ನು ಹೇಳುತ್ತದೆ, ಕುರುಬನೂ ಅದನ್ನು ಓದುತ್ತಾನೆ ಎಂಬ ಆಕ್ಷೇಪವನ್ನೂ ಒಪ್ಪೋಣ. ಆದರೆ ಅವನು ಓದುವುದು ಕಿವಿಯ ಚಲನೆಯನ್ನು, ಮಡಿಕೆಯನ್ನಲ್ಲ. ನೂರಾರು ಗಜ ದೂರದ ಇಳಿಜಾರಿನಲ್ಲಿ ನಾಯಿ ಕಪ್ಪುಬಿಳಿ ಚುಕ್ಕೆಯಾಗಿರುತ್ತದೆ. ಕಾಲು, ಅರೆ, ಮುಕ್ಕಾಲಿನ ಲೆಕ್ಕಕ್ಕೆ ದುರ್ಬೀನೇ ಬೇಕು. ಪಂಡಿತರು ಅದನ್ನೂ ತಂದಾರು. ತಂದು ಕಣ್ಣಿಗೆ ಹಿಡಿದರೆ, ಕುರಿಗಳತ್ತ ಹೊಂಚಿ ನಡೆಯುವ ನಾಯಿ ಕಿವಿಗಳನ್ನು ತಲೆಗೆ ಅಂಟಿಸಿಕೊಂಡಿರುತ್ತದೆ. ಸಿಳ್ಳೆ ಕೇಳಿ, ಕೆಲಸ ಮುಗಿಸಿ, ನಾಲಿಗೆ ಚಾಚಿ ಹತ್ತಿರ ಓಡಿಬಂದ ಮೇಲಾದರೂ ನೋಡೋಣವೆಂದು ಅವರು ಲಿವರ್ ಚೂರು ಹಿಡಿದು ಬಗ್ಗುತ್ತಾರೆ. ಒಂದು ಕಿವಿ ಆಕಾಶಕ್ಕೆ ನಿಂತಿರುತ್ತದೆ, ಇನ್ನೊಂದು ಗಾಳಿಗೆ ಒಳಗು ಹೊರಗಾಗಿ ಮಗುಚಿಕೊಂಡಿರುತ್ತದೆ.