ಗೊತ್ತಾಯ್ತು ಬಿಡಿ!

ನೆಂಟರ ಮನೆಗೆ ಹೋಗಿ ಹೊಸ ಸುದ್ದಿಯೊಂದನ್ನು ಹೇಳುವ ಸುಖ ಈಗ ಯಾರಿಗಾದರೂ ಉಳಿದಿದೆಯೇ, ಸ್ವಾಮಿ? ಒಮ್ಮೆ ಹೇಳಿ ನೋಡಿ. ಕುರ್ಚಿ ಸ್ವಲ್ಪ ಮುಂದಕ್ಕೆಳೆದುಕೊಂಡು, ದನಿ ತಗ್ಗಿಸಿ, ‘ನಿಮಗೆ ವಿಷಯ ಗೊತ್ತಾಯ್ತಾ...’ ಅನ್ನುವಷ್ಟರಲ್ಲಿ ಎದುರಿನವರು ‘ಹೂಂ, ಗ್ರೂಪಲ್ಲಿ ಬಂತಲ್ಲ’ ಅಂದುಬಿಡುತ್ತಾರೆ. ಅಲ್ಲಿಗೆ ಮುಗೀತು. ಕಾಫಿಗಿಟ್ಟ ನೀರು ಇನ್ನೂ ಕುದಿ ಬಂದಿಲ್ಲ, ಮಾತು ಆಗಲೇ ಆರಿಹೋಯಿತು. ಇನ್ನು ಕಾಫಿ ಬರುವವರೆಗೆ ಇಬ್ಬರೂ ಏನು ಮಾಡಬೇಕು? ಅವರವರ ಫೋನು ತೆಗೆಯಬೇಕು.

ಹಿಂದೆ ಸುದ್ದಿ ತಂದವರಿಗೆ ಒಂದು ಗತ್ತೇ ಇತ್ತು. ಬೀದಿ ಕೊನೆಯ ಮನೆಯ ಹುಡುಗಿಗೆ ಗಂಡು ಗೊತ್ತಾಯಿತು ಎಂಬುದನ್ನು ಮೊದಲು ತಿಳಿದವರು ಅದನ್ನೆಲ್ಲ ಒಂದೇ ಮನೆಯಲ್ಲಿ ಸುರಿದುಬಿಡುತ್ತಿರಲಿಲ್ಲ. ಮೊದಲ ಮನೆಯಲ್ಲಿ ಗಂಡಿನ ಊರು, ಎರಡನೆಯದರಲ್ಲಿ ಗಂಡಿನ ಸಂಬಳ; ಮೂರನೆಯ ಮನೆ ತಲುಪುವಷ್ಟರಲ್ಲಿ ಆ ಸಂಬಳಕ್ಕೊಂದು ಬಡ್ತಿಯೂ ಆಗಿರುತ್ತಿತ್ತು. ಮನೆಗೊಂದು ಲೋಟ ಕಾಫಿ ಬೇರೆ. ಸುದ್ದಿ ಎಂದರೆ ಯಾರದೋ ಎರಡು ಕಾಲಿನ ಮೇಲೆ ನಡೆದುಕೊಂಡೇ ಬರಬೇಕಾಗಿದ್ದ ಕಾಲ ಅದು. ಹಾಗೆ ಬಂದವರು ಸುದ್ದಿ ಇಟ್ಟು ಹೊರಡುತ್ತಿದ್ದರೇ? ಕೂರುತ್ತಿದ್ದರು. ಮಂಡಿನೋವು ಹೇಳಿಕೊಳ್ಳುತ್ತಿದ್ದರು. ಒಳಗೆ ಮಗು ಕೆಮ್ಮಿದ್ದು ಕೇಳಿಸಿದರೆ ‘ಒಂದಿಷ್ಟು ಮೆಣಸು-ಜೀರಿಗೆ ಕಷಾಯ ಕುಡಿಸಮ್ಮ’ ಅನ್ನುತ್ತಿದ್ದರು. ಏಳುವಾಗ ನಿಮ್ಮ ಮನೆಯ ಸುದ್ದಿಯನ್ನೂ ಒಂದಿಷ್ಟು ಸೆರಗಿಗೆ ಗಂಟು ಹಾಕಿಕೊಂಡೇ ಹೋಗುತ್ತಿದ್ದರು. ಈಗ ಸುದ್ದಿ ಬರುತ್ತದೆ, ಮನುಷ್ಯ ಬರುವುದಿಲ್ಲ. ನನ್ನ ತಕರಾರು ಅಷ್ಟೇ.

ರಾಬಿನ್ ಡನ್‌ಬಾರ್ ಎಂಬ ಇಂಗ್ಲೆಂಡಿನ ವಿದ್ವಾಂಸರೊಬ್ಬರಿದ್ದಾರೆ. ಮಂಗಗಳು ಒಂದರ ಮೈಯ ಹೇನನ್ನು ಇನ್ನೊಂದು ಹೆಕ್ಕುತ್ತಲೇ ಸ್ನೇಹ ಕಟ್ಟಿಕೊಳ್ಳುತ್ತವೆ. ಮನುಷ್ಯರ ಗುಂಪು ದೊಡ್ಡದಾದ ಮೇಲೆ ಎಲ್ಲರ ಹೇನು ಹೆಕ್ಕಲು ಪುರಸೊತ್ತು ಸಾಲದೆ ಹರಟೆ ಹುಟ್ಟಿಕೊಂಡಿತು ಎಂಬುದು ಅವರು 1996ರಲ್ಲಿ ಒಂದಿಡೀ ಪುಸ್ತಕ ಬರೆದು ಮಂಡಿಸಿದ ವಾದ. ಪಾಪ, ಅವರು ನಮ್ಮ ಕಡೆಯ ಜಗಲಿ ನೋಡಿರಲಿಲ್ಲ. ಮಧ್ಯಾಹ್ನ ಮುಸುರೆ ತಿಕ್ಕಿ ಮುಗಿದ ಮೇಲೆ ಮೇಲಿನ ಮೆಟ್ಟಿಲಲ್ಲೊಬ್ಬರು, ಕೆಳಗಿನ ಮೆಟ್ಟಿಲಲ್ಲೊಬ್ಬರು ಕೂತು, ಸೀರಣಿಗೆ ಆಡಿಸುತ್ತ, ಹೇನನ್ನೂ ನಾದಿನಿಯನ್ನೂ ಒಂದೇ ಉಗುರಲ್ಲಿ ಕುಕ್ಕುತ್ತಿದ್ದುದನ್ನು ಕಂಡಿದ್ದರೆ ಪುಸ್ತಕಕ್ಕೆ ಇನ್ನೊಂದು ಅಧ್ಯಾಯವಾದರೂ ಸೇರುತ್ತಿತ್ತು. ಒಬ್ಬ ಮನುಷ್ಯ ನೆಟ್ಟಗೆ ನಿಭಾಯಿಸಬಲ್ಲ ಸಂಬಂಧಗಳು ಸುಮಾರು 150 ಎಂದೂ ಅವರೇ ಲೆಕ್ಕ ಹಾಕಿದ್ದಾರೆ. ವಾಟ್ಸ್‌ಆ್ಯಪ್‌ನ ಒಂದು ಗ್ರೂಪಿಗೆ ಈಗ 1024 ಜನರನ್ನು ಸೇರಿಸಬಹುದು. ಅಷ್ಟು ಜನರ ಹೇನು ಹೆಕ್ಕುವವರು ಯಾರು? ಅದಕ್ಕೇ ಒಬ್ಬರು ಕೈಮುಗಿಯುತ್ತಾರೆ, ಮಿಕ್ಕವರು ಹೆಬ್ಬೆಟ್ಟು ಒತ್ತುತ್ತಾರೆ. ಸಾಕ್ಷರತಾ ಆಂದೋಲನ ಮಾಡಿ ಹೆಬ್ಬೆಟ್ಟು ಬಿಡಿಸಿದ್ದೆಲ್ಲ ದಂಡವಾಯಿತಲ್ಲ ಎಂದು ನಾನು ಆಗಾಗ ಮರುಗುವುದುಂಟು.

ಇನ್ನೊಂದು ತಮಾಷೆ ನೋಡಿ. ಮೊದಲು ವಾರ್ತೆಗಳು ಮುಗಿಯುತ್ತಿದ್ದವು! ರೇಡಿಯೋದಲ್ಲಿ ಒಬ್ಬರು ಗಂಭೀರವಾಗಿ ಓದುತ್ತಿದ್ದರು, ಕೊನೆಗೆ ಮುಖ್ಯಾಂಶಗಳನ್ನು ಇನ್ನೊಮ್ಮೆ ಹೇಳುತ್ತಿದ್ದರು, ಆಮೇಲೆ ವಾರ್ತೆಗಳು ಮುಗಿದವು ಎಂದು ಬಾಯಿಬಿಟ್ಟು ಹೇಳಿ ಎದ್ದು ಹೋಗುತ್ತಿದ್ದರು. ಮನೆಯ ಯಜಮಾನರು ಸೆಲ್ಲು ಖರ್ಚಾದೀತೆಂದು ಪಟ್ಟನೆ ಕಿವಿ ಹಿಂಡುತ್ತಿದ್ದರು, ರೇಡಿಯೋದ್ದು. ಪ್ರಪಂಚದ ಲೆಕ್ಕ ಅಲ್ಲಿಗೆ ಚುಕ್ತಾ; ಇನ್ನು ಹಾಲಿನವನು ಯಾಕೆ ಬರಲಿಲ್ಲ ಎಂಬ ನಿಜವಾದ ಚರ್ಚೆ ಶುರು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದ ಎಂ. ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರದ ಪ್ರಾಧ್ಯಾಪಕರು. ಅವರ ಆ ‘ಆಕಾಶವಾಣಿ’ಯ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಬಂತು. ಮನಸ್ಸಿಗೆ ಒಂದು ಹೊತ್ತಿಗೆ ಎಷ್ಟು ಅರಗುತ್ತದೆ ಎಂದು ಬಲ್ಲವರೇ ರೇಡಿಯೋ ಶುರು ಮಾಡಿದ್ದರಿಂದ ಅದಕ್ಕೊಂದು ಮಿತಿ ಇತ್ತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ಇದಕ್ಕೆ ಪುರಾವೆ ಕೇಳಬೇಡಿ, ಇದು ಹರಟೆ.

ಆ ಮಿತಿ ಹಾರಿಹೋದ ವರ್ಷ ಬೇಕಾದರೆ ಹೇಳುತ್ತೇನೆ: 2006. ಆ ವರ್ಷ ಅಮೆರಿಕದ ಏಜಾ ರಾಸ್ಕಿನ್ ಎಂಬ ತರುಣ, ಪುಟದ ಕೊನೆ ಎಂಬುದೇ ಇಲ್ಲದೆ ಬೆರಳು ಎಳೆದಷ್ಟೂ ಹೊಸದು ಬರುವ ಏರ್ಪಾಡೊಂದನ್ನು ರೂಪಿಸಿದ. ಅದೇ ವರ್ಷದ ಕೊನೆಯಲ್ಲಿ ಕನ್ನಡಕ್ಕೆ 24 ಗಂಟೆಯ ಸುದ್ದಿ ವಾಹಿನಿ ಬಂತು. ಅಲ್ಲಿ ಪುಟದ ತಳ ಕಳಚಿತು, ಇಲ್ಲಿ ದಿನದ ತಳ ಕಳಚಿತು. ರಾಸ್ಕಿನ್ ಆಮೇಲೆ ತಾನು ಮಾಡಿದ್ದಕ್ಕೆ ಬಹಿರಂಗವಾಗಿಯೇ ಪಶ್ಚಾತ್ತಾಪಪಟ್ಟಿದ್ದಾರೆ. ನಮ್ಮ ವಾಹಿನಿಗಳು ಪಶ್ಚಾತ್ತಾಪಪಟ್ಟ ಹಾಗೆ ಕಾಣುವುದಿಲ್ಲ. ಪಟ್ಟಿದ್ದರೆ ಅದೂ ಬ್ರೇಕಿಂಗ್ ನ್ಯೂಸಾಗಿ, ಕೆಂಪು ಪಟ್ಟಿಯಲ್ಲಿ, ಹಿಂದೆ ಡೋಲು ಬಡಿದುಕೊಂಡು ಬರುತ್ತಿತ್ತು.

ಹೀಗೆ ಹಗಲಿರುಳು ಬರುವ ಸುದ್ದಿಯಿಂದ ಬಂಧುಗಳು ಹತ್ತಿರವಾಗಿಲ್ಲವೇ ಎಂದು ನೀವು ಕೇಳಬಹುದು. ಆಗಿದ್ದಾರೆ, ಕೇಳಿ. ನ್ಯೂಜೆರ್ಸಿಯಲ್ಲಿರುವ ಮಗನಿಗೆ ಬೆಂಗಳೂರಿನಲ್ಲಿ ಹನಿ ಬಿದ್ದ ಐದು ನಿಮಿಷಕ್ಕೆ ಗೊತ್ತಾಗುತ್ತದೆ. ಫೋನಿನ ತೆರೆಯ ಮೇಲೆ ಮೊಣಕಾಲುದ್ದ ನೀರು, ಅದರಲ್ಲಿ ನಿಂತು ಕೂಗುತ್ತಿರುವ ವರದಿಗಾರ. ಗಾಬರಿಯಾಗಿ ತಾಯಿಗೆ ಫೋನು: ‘ಅಮ್ಮಾ, ನೀರು ಬಂತಾ?’ ಮೂರನೆಯ ಮಹಡಿಯಲ್ಲಿರುವ ತಾಯಿಯ ಉತ್ತರ: ‘ಎಲ್ಲಿ ಬಂತೋ? ನಲ್ಲೀಲಿ ಎರಡು ದಿನದಿಂದ ಇಲ್ಲ.’ ಆಮೇಲೆ ಆಕೆಯ ಸರದಿ. ನಿಮ್ಮಲ್ಲಿ ಹಿಮ ಬಿದ್ದು ಕಾರುಗಳೆಲ್ಲ ಹೂತುಹೋಗಿವೆಯಂತಲ್ಲ? ಇಲ್ಲಮ್ಮ, ಅದು ಬೇರೆ ರಾಜ್ಯ, ಇಲ್ಲಿ ಬಿಸಿಲು. ಹೀಗೆ ಇವನ ಊರಿನ ಹವಾಮಾನ ಅವಳು ಹೇಳಿ, ಅವಳ ಊರಿನ ರಸ್ತೆಗುಂಡಿ ಇವನು ಹೇಳಿ, ಮುಖ್ಯಮಂತ್ರಿ ಯಾರಾಗಬಹುದು ಎಂಬುದರ ಮೇಲೆ ಇಬ್ಬರೂ ಸೇರಿ ಹತ್ತು ನಿಮಿಷ ಬಿಸಿಯಾಗಿ ಫೋನಿಡುತ್ತಾರೆ. ಅವಳ ಸಕ್ಕರೆ ಕಾಯಿಲೆಯ ಮಾತ್ರೆ ಬದಲಾದದ್ದು, ಇವನ ಕೆಲಸ ಅಲುಗಾಡುತ್ತಿರುವುದು ಯಾವ ವಾಹಿನಿಯಲ್ಲೂ ಬಂದಿರುವುದಿಲ್ಲ. ಹಾಗಾಗಿ ಎರಡೂ ಕಡೆ ಗೊತ್ತಾಗುವುದಿಲ್ಲ.

ನಮ್ಮ ಮನೆಯಾಕೆ ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾಳೆ. ಅವಳ ಸೋದರತ್ತೆ ಫೋನು ಮಾಡಿ ಏನು ಹೇಳಿದರೂ ‘ಅಯ್ಯೋ, ಹೌದಾ? ಯಾವಾಗ?’ ಅನ್ನುತ್ತಾಳೆ. ಬೆಳಗ್ಗೆಯೇ ಮೂರು ಗ್ರೂಪಿನಲ್ಲಿ ಓದಿ ಆಗಿರುತ್ತದೆ, ಓದಿದ್ದನ್ನು ನಾಲ್ಕನೆಯದಕ್ಕೆ ಕಳಿಸಿಯೂ ಆಗಿರುತ್ತದೆ. ಆದರೂ ದನಿಯಲ್ಲಿ ಎಂಥ ಬೆರಗು ಅಂತೀರಿ! ಅತ್ತೆಯವರು ಸುದ್ದಿಯನ್ನು ಸಾವಕಾಶವಾಗಿ ಬಿಚ್ಚುತ್ತಾರೆ, ನಡುವೆ ತಮ್ಮ ಸೊಸೆಯ ವಿಷಯ ಎರಡು ಮಾತು ಸೇರಿಸುತ್ತಾರೆ, ಆಮೇಲೆ ‘ನೀನು ಊಟ ಸರಿಯಾಗಿ ಮಾಡ್ತಿದೀಯೇನೇ?’ ಎಂದು ಕೇಳುತ್ತಾರೆ. ಇದು ಸುಳ್ಳಲ್ಲವೇ ಎಂದರೆ, ಹೌದು, ಅಚ್ಚ ಸುಳ್ಳು. ಸತ್ಯ ಹೇಳಿದ್ದರೆ ಆ ಕೊನೆಯ ಪ್ರಶ್ನೆಯೇ ಬರುತ್ತಿರಲಿಲ್ಲ.

ಸಂದೇಶ ಓದಿದ್ದನ್ನು ಕಳಿಸಿದವರಿಗೆ ಚಾಡಿ ಹೇಳುವ ವಾಟ್ಸ್‌ಆ್ಯಪ್‌ನ ನೀಲಿ ಟಿಕ್ಕಿನ ವಿಷಯ ಎತ್ತಿದರೆ ಈ ಹರಟೆ ಕೋರ್ಟು ಹತ್ತೀತು. 2014ರ ನವೆಂಬರಿನಲ್ಲಿ ಅದು ಬರುವವರೆಗೆ ಉತ್ತರ ಬರೆಯದ ತಪ್ಪನ್ನು ಅಂಚೆಯಣ್ಣನ ತಲೆಗೋ ನೆಟ್‌ವರ್ಕಿನ ತಲೆಗೋ ಕಟ್ಟಬಹುದಿತ್ತು. ಎಷ್ಟು ಮನೆಗಳ ಮಾನ ಉಳಿಸಿದ್ದ ವ್ಯವಸ್ಥೆ ಅದು! ಮುಂದೆ ಹೋಗೋಣ.

ಹಿಂದಿನವರು ವದಂತಿ ಹಬ್ಬಿಸುತ್ತಿರಲಿಲ್ಲವೇ? ಹಬ್ಬಿಸುತ್ತಿದ್ದರು, ಭರ್ಜರಿಯಾಗಿಯೇ. ತೊಂಬತ್ತರ ದಶಕದಲ್ಲಿ ಕರ್ನಾಟಕದ ಅದೆಷ್ಟೋ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿತ್ತು. ರಾತ್ರಿ ಒಂದು ದೆವ್ವ ಬಂದು ನಿಮ್ಮವರದೇ ದನಿಯಲ್ಲಿ ಕರೆಯುತ್ತದೆ, ಓಗೊಟ್ಟರೆ ಕಥೆ ಮುಗಿಯಿತು, ಬರಹ ಕಂಡರೆ ಓದಿಕೊಂಡು ಹಿಂದಿರುಗುತ್ತದೆ ಎಂಬ ಪ್ರತೀತಿ. ಅಷ್ಟು ನಿಷ್ಠೆಯಿಂದ ಕನ್ನಡ ಓದಿ, ಬರೆದಂತೆ ನಡೆದುಕೊಂಡ ಓದುಗರು ನಮ್ಮ ಲೇಖಕರಿಗೆ ಮತ್ತೆ ಸಿಕ್ಕಿಲ್ಲ. ಈಗ ಬಾಗಿಲ ಮೇಲೆ ಬರೆಯುವುದು ಬೇಕಿಲ್ಲ, ಗ್ರೂಪನ್ನು ಮ್ಯೂಟ್ ಮಾಡಿದರಾಯಿತು: ಎಂಟು ಗಂಟೆ, ಒಂದು ವಾರ, ಇಲ್ಲವೇ ಶಾಶ್ವತವಾಗಿ. ವ್ಯತ್ಯಾಸ ಇಷ್ಟೇ, ಆಗ ‘ನಾಳೆ ಬಾ’ ಅನ್ನುತ್ತಿದ್ದುದು ದೆವ್ವಕ್ಕೆ, ಈಗ ಚಿಕ್ಕಪ್ಪನಿಗೆ.

1995ರ ಸೆಪ್ಟೆಂಬರ್ 21ರಂದು ಗಣೇಶ ಹಾಲು ಕುಡಿದದ್ದಂತೂ ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ವಾಟ್ಸ್‌ಆ್ಯಪ್ ಹುಟ್ಟಲು ಇನ್ನೂ 14 ವರ್ಷವಿತ್ತು; ಆದರೂ ಬೆಳಗ್ಗೆ ದೆಹಲಿಯಲ್ಲಿ ಎದ್ದ ಸುದ್ದಿ ಎಸ್‌ಟಿಡಿ ಬೂತುಗಳ ಪುಣ್ಯದಿಂದ ಅಂದೇ ದೇಶವೆಲ್ಲ ಸುತ್ತಿ ವಿದೇಶಕ್ಕೂ ಹಾರಿತು. ವಿಜ್ಞಾನಿಗಳು ಮೇಲ್ಮೈ ಸೆಳೆತ ಎಂದರು, ಕಲ್ಲಿನ ಮೇಲೆ ಹಾಲು ತೆಳುವಾಗಿ ಜಾರಿಹೋಗುತ್ತಿದೆ ಎಂದರು. ಅವರು ಹೇಳಿದ್ದೇ ಸರಿ. ಆದರೆ ಅದೆಂಥ ಸಭ್ಯ ವದಂತಿ, ಗಮನಿಸಿ! ನಂಬಬೇಕಾದರೆ ಎದ್ದು, ಮಿಂದು, ಲೋಟದಲ್ಲಿ ಹಾಲು ಹಿಡಿದು, ಮನೆಯಿಂದ ಹೊರಗೆ ಬರಬೇಕಿತ್ತು. ಕ್ಯೂನಲ್ಲಿ ನಿಂತವರಿಗೆ ಹಿಂದೆ ಮುಂದೆ ಇದ್ದವರೊಡನೆ ಮಾತಾಡದೆ ಗತಿಯಿರಲಿಲ್ಲ. ಗಣೇಶ ಕುಡಿದನೋ ಬಿಟ್ಟನೋ, ಆ ಸಾಲಿನಲ್ಲಿ ನಾಲ್ಕು ಜಾತಕವಾದರೂ ಕೈ ಬದಲಾಯಿಸಿರುತ್ತವೆ. ಈಗಿನ ವದಂತಿಗೆ ಚಮಚವೂ ಬೇಡ, ಹಾಲೂ ಬೇಡ, ಮಲಗಿದಲ್ಲಿಂದಲೇ ನಂಬಬಹುದು.

ಮಲಗಿದಲ್ಲಿಂದ ನಂಬಿದ್ದು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ನಗುತ್ತ ಹೇಳಲಾಗದು. 2012ರ ಆಗಸ್ಟಿನಲ್ಲಿ ಮೊಬೈಲಿನಿಂದ ಮೊಬೈಲಿಗೆ ಹಾರಿದ ಬೆದರಿಕೆಯ ಮಾತು ಕೇಳಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಎಂಎಸ್ ಕೂಡದು ಎಂದು ಸರ್ಕಾರ ಸ್ವಲ್ಪ ಕಾಲ ಕಟ್ಟು ಹಾಕಿತು. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟ ಹೊರಊರಿನವರನ್ನು ಮಕ್ಕಳ ಕಳ್ಳರೆಂದು ವಾಟ್ಸ್‌ಆ್ಯಪ್ ಸಾರಿತು. ಜನ ಮುಗಿಬಿದ್ದರು, ಒಬ್ಬ ಸತ್ತ. ದಾರಿಹೋಕ ಮಗುವಿನ ಕೈಗೆ ಸಿಹಿ ಇಡುವುದು ನಮ್ಮಲ್ಲಿ ಎಂದಿನಿಂದ ಅಪರಾಧವಾಯಿತು? ಆ ವರ್ಷ ದೇಶದ ಬೇರೆ ಕಡೆಗಳಲ್ಲೂ ಇಂಥವು ನಡೆದ ಮೇಲೆ ವಾಟ್ಸ್‌ಆ್ಯಪ್ ಕಂಪನಿ ಒಂದು ಸಂದೇಶವನ್ನು ಭಾರತದಲ್ಲಿ ಒಮ್ಮೆಗೆ ಐದು ಕಡೆಗಷ್ಟೇ ದಾಟಿಸಬಹುದೆಂದು ಮಿತಿ ಹಾಕಿತು. ಮತ್ತೆ ಅದೇ ಐದು. ಒಳ್ಳೆಯದೇ. ಆದರೆ ನಮ್ಮ ಭಾವನವರಂಥವರು ಐದು ಕಡೆ ಕಳಿಸಿ, ಕನ್ನಡಕ ಒರೆಸಿಕೊಂಡು, ಇನ್ನೈದು ಕಡೆ ಕಳಿಸುತ್ತಾರೆ. ‘ನಿಜವೋ ಸುಳ್ಳೋ ಗೊತ್ತಿಲ್ಲ, ಬಂದದ್ದನ್ನು ಹಾಗೇ ಕಳಿಸಿದೀನಿ’ ಎಂಬ ಒಕ್ಕಣೆ ಬೇರೆ. ತಾವು ರುಚಿ ನೋಡದ ಹುಳಿಯನ್ನು ಅವರು ಬೀಗರ ಎಲೆಗೆ ಎಂದೂ ಬಡಿಸಿದವರಲ್ಲ.

ಸಾವಿನ ಸುದ್ದಿಯೂ ಈಗ ಹೀಗೇ. ಗ್ರೂಪಿನಲ್ಲಿ ಹಿರಿಯರೊಬ್ಬರ ಫೋಟೋ ಬೀಳುತ್ತದೆ. ಮೊದಲ ಮೂವರು ‘ಓಂ ಶಾಂತಿ’ ಎಂದು ಬರೆಯುತ್ತಾರೆ, ನಾಲ್ಕನೆಯವರು ಮೇಲೆ ಕೆಳಗೆ ನೋಡದೆ ‘ಹ್ಯಾಪಿ ಬರ್ತ್‌ಡೇ ಅಂಕಲ್’ ಅನ್ನುತ್ತಾರೆ, ಐದನೆಯವರು ಇದೇ ಸಮಯವೆಂದು ಸೈಟು ಮಾರಾಟಕ್ಕಿದೆ ಎಂಬ ಜಾಹೀರಾತು ಹಾಕುತ್ತಾರೆ. ಫೇಸ್‌ಬುಕ್ಕಿನಲ್ಲಂತೂ ತೀರಿಕೊಂಡು ಎರಡು ವರ್ಷವಾದವರಿಗೂ ಹುಟ್ಟಿದ ದಿನ ನೂರ್ಕಾಲ ಬಾಳಿರೆಂಬ ಹಾರೈಕೆ ಬರುವುದುಂಟು. ಇಂಥ ಆಶೀರ್ವಾದ ಪುರಾಣಗಳಲ್ಲೂ ಸಿಗುವುದು ಕಷ್ಟ. ಮೊದಲಾದರೆ ಯಾರಾದರೂ ಬಾಗಿಲಿಗೆ ಬಂದು, ಏನೂ ಹೇಳದೆ ಸುಮ್ಮನೆ ನಿಂತರೆ ಅರ್ಥವಾಗುತ್ತಿತ್ತು.

ಇಷ್ಟೆಲ್ಲ ಬೈದ ಮೇಲೆ ಒಂದರ ಪರವಾಗಿ ವಕಾಲತ್ತು ವಹಿಸಲೇಬೇಕು. ಎಲ್ಲರೂ ಆಡಿಕೊಳ್ಳುವ ಗುಡ್ ಮಾರ್ನಿಂಗ್ ಚಿತ್ರ ಇದೆಯಲ್ಲ, ಗುಲಾಬಿ ಹೂ, ಅದರ ಮೇಲೆ ಇಬ್ಬನಿ, ಹಿಂದೆ ಸೂರ್ಯ, ಪಕ್ಕದಲ್ಲಿ ಯಾರೂ ಎಂದೂ ಆಡಿರದ ಸುಭಾಷಿತ, ಕೆಳಗೆ ಯಾವುದೋ ಮಹಾಪುರುಷರ ಹೆಸರು, ಅದರ ಪರವಾಗಿ. ಇವು ಭಾರತೀಯರ ಫೋನುಗಳನ್ನು ಕಂಠಮಟ್ಟ ತುಂಬಿಸುತ್ತಿವೆ ಎಂದು 2018ರ ಹೊತ್ತಿಗೆ ಗೂಗಲ್ಲಿನವರು ಇಂಥ ಚಿತ್ರಗಳನ್ನು ಹುಡುಕಿ ಗುಡಿಸಿಹಾಕುವ ಆ್ಯಪನ್ನೇ ತಂದರು. ಜಾಣರೇ, ಸಂದೇಹವಿಲ್ಲ. ಆದರೆ ನಮ್ಮ ಫೋನಿಗೆ ಬರುವುದರಲ್ಲಿ ಸುದ್ದಿಯೇ ಇಲ್ಲದ ಸಂದೇಶ ಇದೊಂದೇ ಎಂಬುದನ್ನು ಅವರು ಗಮನಿಸಿದಂತಿಲ್ಲ. ಯುದ್ಧವಿಲ್ಲ, ಹಗರಣವಿಲ್ಲ, ‘ಎಲ್ಲರಿಗೂ ಕಳಿಸಿ’ ಎಂಬ ಬೆದರಿಕೆಯಿಲ್ಲ. ಎದ್ದಿದ್ದೇನೆ, ಹಲ್ಲುಜ್ಜಿದ್ದೇನೆ, ನಿನ್ನ ಹೆಸರು ನೆನಪಿದೆ ಎಂದಷ್ಟೇ ಅದು ಹೇಳುವುದು. ಜಗಲಿಯಲ್ಲಿ ಕೂತ ಅಜ್ಜ ದಾರಿಯಲ್ಲಿ ಹೋಗುವವರನ್ನೆಲ್ಲ ‘ಏನಯ್ಯಾ, ಹೊರಟೆಯಾ?’ ಎಂದು ಕೇಳುತ್ತಿದ್ದುದರ ಅರ್ಥವಾದರೂ ಬೇರೇನಿತ್ತು? ಹೊರಟದ್ದು ಕಣ್ಣಿಗೇ ಕಾಣುತ್ತಿತ್ತಲ್ಲ!

ನಮ್ಮ ದೊಡ್ಡಪ್ಪನವರು ಹಾಸನದಲ್ಲಿ ಒಬ್ಬರೇ ಇದ್ದಾರೆ. ಬೆಳಗ್ಗೆ ಐದೂವರೆಗೆ ಅವರ ಗುಲಾಬಿ ತಪ್ಪದೆ ಅರಳುತ್ತದೆ, ನಾವು ಅಣ್ಣತಮ್ಮಂದಿರೆಲ್ಲ ಅದನ್ನು ತಪ್ಪದೆ ಅಳಿಸುತ್ತೇವೆ. ಮೊನ್ನೆ ಒಂದು ದಿನ ಬರಲಿಲ್ಲ. ಆರಾಯಿತು, ಏಳಾಯಿತು. ಏಳೂಕಾಲಿಗೆ ನಾನು ಫೋನು ಮಾಡಿದರೆ ಎಂಗೇಜು, ಏಳೂವರೆಗೂ ಎಂಗೇಜು. ಅಣ್ಣನಿಗೆ ಮಾಡಿದೆ, ಅವನೂ ಆಗಲೇ ಪ್ರಯತ್ನಿಸುತ್ತಿದ್ದ. ಎಂಟಕ್ಕೆ ಸಿಕ್ಕರು. ‘ಏನ್ ದೊಡ್ಡಪ್ಪಾ, ಹುಷಾರಾಗಿದೀರಾ?’ ಎಂದರೆ, ‘ನಂಗೇನಾಗಿದೆ? ಬೆಳಗಿಂದ ನಿಮ್ಮ ಪೈಕಿ ಏಳು ಜನ ಇದನ್ನೇ ಕೇಳಿದೀರಿ. ಡೇಟಾ ಮುಗಿದಿತ್ತು ಕಣೋ. ಏಳು ಜನಕ್ಕೂ ರೀಚಾರ್ಜ್ ಮಾಡ್ಸೋಕೆ ಹೇಳಿದೀನಿ, ಯಾರಾದ್ರೊಬ್ರು ಮಾಡಿಸ್ತೀರಿ ಅಂತ. ಈಗ ಏಳು ಜನವೂ ಮಾಡ್ಸಿದ್ರೆ ಎಷ್ಟು ತಿಂಗಳಾಗುತ್ತೆ, ಸ್ವಲ್ಪ ಲೆಕ್ಕ ಹಾಕಿ ಹೇಳು’ ಎಂದರು.