ಹಾವು ಮತ್ತು ಔಟ್‌ಸ್ಟ್ಯಾಂಡಿಂಗ್

ಡಿಫೆನ್ಸ್ ಸಿವಿಲಿಯನ್ ಅಂದರೆ ಯಾರು ಎಂದು ನೆಂಟರು ಆಗಾಗ ಕೇಳುತ್ತಾರೆ. ಮಿಲಿಟರಿಯಲ್ಲಿದ್ದೂ ಗುಂಡು ಹಾರಿಸದವನು, ಸರ್ಕಾರಿ ಗುಮಾಸ್ತನಾಗಿದ್ದೂ ಸೆಲ್ಯೂಟಿನ ಸದ್ದಿಗೆ ಬೆಚ್ಚುವವನು. ನಾನು ಬೆಂಗಳೂರಿನ ಒಂದು ಸೇನಾ ಡಿಪೋದಲ್ಲಿ ಯುಡಿಸಿ, ಅಂದರೆ ಮೇಲ್ದರ್ಜೆ ಗುಮಾಸ್ತ. ನಮ್ಮ ಮೇಲಿನವರು ಎರಡು ಮೂರು ವರ್ಷಕ್ಕೊಮ್ಮೆ ಪೋಸ್ಟಿಂಗ್ ಬಂದು ಹೋಗುವ ಸೇನಾಧಿಕಾರಿಗಳು. ನಾವು ಮಾತ್ರ ಅದೇ ಕುರ್ಚಿ, ಅದೇ ರೆಕ್ಸಿನ್ನು, ಅದೇ ಸೀಳು.

ಇಂಥ ನಮಗೆ ವರ್ಷಕ್ಕೊಮ್ಮೆ ಅಂಕ ಕೊಡುವವರೂ ಅವರೇ. ಆ ವಾರ್ಷಿಕ ವರದಿಗೆ ಮೊದಲು ಎಸಿಆರ್ ಅನ್ನುತ್ತಿದ್ದರು, ಈಗ ಎಪಿಎಆರ್. ಮೊದಲಿನದು ಗುಟ್ಟಿನ ವ್ಯವಹಾರ. ಕೆಟ್ಟ ಶರಾ ಬಿದ್ದರೆ ಮಾತ್ರ ನೌಕರನಿಗೆ ತಿಳಿಸುತ್ತಿದ್ದರು. ಗಡಿ ರಸ್ತೆ ಸಂಸ್ಥೆಯ ಒಬ್ಬ ಎಕ್ಸಿಕ್ಯೂಟಿವ್ ಎಂಜಿನಿಯರಿಗೆ 1993-94ರಲ್ಲಿ ‘ಗುಡ್’ ಬಿತ್ತು. ಬಡ್ತಿಗೆ ‘ವೆರಿ ಗುಡ್’ ಬೇಕಿತ್ತು, ಆ ಒಂದು ವರ್ಷದ ‘ಗುಡ್’ ಅಡ್ಡ ಬಂತು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ಒಳ್ಳೆಯದೋ ಕೆಟ್ಟದ್ದೋ, ಪ್ರತಿಯೊಂದು ಶರಾವನ್ನೂ ನೌಕರನಿಗೆ ತಿಳಿಸಲೇಬೇಕು ಎಂದು 2008ರಲ್ಲಿ ತೀರ್ಪಾಯಿತು. ಮರುವರ್ಷ ಸರ್ಕಾರ, ಇಡೀ ವರದಿಯನ್ನು ಕೈಗೆ ಕೊಡಿ, ಒಪ್ಪದಿದ್ದರೆ ಹದಿನೈದು ದಿನದೊಳಗೆ ಅರ್ಜಿ ಹಾಕಲಿ ಎಂದಿತು. 2016ರಲ್ಲಿ ಏಳನೇ ವೇತನ ಆಯೋಗದ ಕೃಪೆಯಿಂದ, 10-20-30 ವರ್ಷಕ್ಕೆ ಸಿಗುವ ವೇತನ ಬಡ್ತಿ ಎಂಎಸಿಪಿಗೂ ‘ವೆರಿ ಗುಡ್’ ಬೇಕೆಂದಾಯಿತು.

ಅಲ್ಲಿಂದ ಅಧಿಕಾರಿಗಳಿಗೆ ಜ್ಞಾನೋದಯವಾಯಿತು. ಹತ್ತಕ್ಕೆ ಐದು ಕೊಟ್ಟರೆ ಗುಮಾಸ್ತ ಅರ್ಜಿ ಹಾಕುತ್ತಾನೆ, ಯೂನಿಯನ್ನಿನವರು ಬಾಗಿಲಿಗೆ ಬರುತ್ತಾರೆ, ಉತ್ತರ ಬರೆಯಬೇಕಾಗುತ್ತದೆ. ಎಂಟು ಕೊಟ್ಟರೆ ಸಿಹಿ ಹಂಚುತ್ತಾನೆ. ಮೇಲಾಗಿ ಸೇನೆಯ ಸಿಆರ್‌ನಲ್ಲಿ ಅವರಿಗೂ ಒಂಬತ್ತಕ್ಕೆ ಒಂಬತ್ತೇ ಬೇಕು. ಎಂಟು ಬಂದ ಮೇಜರ್ ಸೂತಕದವರಂತೆ ಓಡಾಡುವುದನ್ನು ಕಂಡಿದ್ದೇನೆ. ಆ ಕಣ್ಣಿನಿಂದ ನೋಡುವವರಿಗೆ ನಮಗೆ ಆರು ಕೊಡುವುದೆಂದರೆ ಕೋರ್ಟ್ ಮಾರ್ಷಲ್ ಮಾಡಿದಷ್ಟು ಸಂಕಟ. ಹೀಗಾಗಿ ನಮ್ಮ ಡಿಪೋದಲ್ಲಿ ಮೇಜಿನ ಮೇಲೆ ನಿದ್ದೆ ಮಾಡುವವರು ಔಟ್‌ಸ್ಟ್ಯಾಂಡಿಂಗ್, ಕುರ್ಚಿಯಲ್ಲೇ ಮಾಡುವವರು ವೆರಿ ಗುಡ್.

ಒಂದು ವರ್ಷ ನಮ್ಮ ಕರ್ನಲ್ ಸಾಹೇಬರ ಮೂವ್‌ಮೆಂಟ್ ಆರ್ಡರ್ ಬಂದಿತ್ತು. ಮನೆ ಸಾಮಾನು ಕಪ್ಪು ಪೆಟ್ಟಿಗೆಗಳಿಗೆ ಸೇರುತ್ತಿತ್ತು. ನನ್ನನ್ನು ಕರೆದು, “ಬಾಬೂಜಿ, ನಿಮ್ಮ ಎಪಿಎಆರ್ ನೀವೇ ಡ್ರಾಫ್ಟ್ ಮಾಡಿ ತನ್ನಿ, ಸೈನ್ ಹಾಕ್ತೀನಿ” ಎಂದರು. ದೇವರು ಪ್ರತ್ಯಕ್ಷನಾಗಿ ವರ ಕೇಳೆಂದರೆ ಯಾರು ತಾನೇ ಆರೂವರೆ ಕೇಳುತ್ತಾರೆ?

ಫಾರಂ ಬಿಡಿಸಿದೆ. ಕೆಲಸಕ್ಕೆ ಶೇ. 40, ಸ್ವಭಾವಕ್ಕೆ 30, ಸಾಮರ್ಥ್ಯಕ್ಕೆ 30. ‘ಲೀಡರ್‌ಷಿಪ್ ಕ್ವಾಲಿಟೀಸ್’ ಎಂಬ ಕಾಲಂ ಬಂತು. ಹನ್ನೊಂದು ಗಂಟೆಗೆ ಇಡೀ ಸೆಕ್ಷನ್ನನ್ನು ಕ್ಯಾಂಟೀನಿಗೆ ಹೊರಡಿಸುವವನು ನಾನೇ; ಒಂಬತ್ತು. ‘ಓವರಾಲ್ ಬೇರಿಂಗ್ ಅಂಡ್ ಪರ್ಸನಾಲಿಟಿ’ ಕಾಲಂ ಬಂತು. ಕಿಟಕಿಯಾಚೆ ಪೆರೇಡ್ ಮಾಡುತ್ತಿದ್ದ ಜವಾನರನ್ನು ನೋಡಿದೆ, ಬೆಲ್ಟಿನ ಮೇಲೆ ವಿಶ್ರಮಿಸಿದ್ದ ನನ್ನ ಹೊಟ್ಟೆ ನೋಡಿದೆ. ಅಲ್ಲೂ ಒಂಬತ್ತು.

ಅಷ್ಟರಲ್ಲಿ ನಮ್ಮ ಹೆಡ್ ಕ್ಲರ್ಕ್ ಬಡೇಬಾಬು ಇಣುಕಿ, “ಒಂಬತ್ತು ಹತ್ತು ಹಾಕಿದ್ರೆ ಪೆನ್ ಪಿಕ್ಚರ್ ಶರಾದಲ್ಲಿ ನಿರ್ದಿಷ್ಟ ಸಾಧನೆ ತೋರಿಸಬೇಕು ಮಾರಾಯ. ರೂಲ್ ಇದೆ. ನಿಂದೇನು ಸಾಧನೆ?” ಎಂದರು.

ತಲೆ ಕೆರೆದೆ. ಹಿಂದಿನ ಮಳೆಗಾಲದಲ್ಲಿ ರೆಕಾರ್ಡ್ ರೂಮಿಗೆ ಕೇರೆ ಹಾವೊಂದು ಬಂದಿತ್ತು. ನಾನು ಮೇಜಿನ ಮೇಲೆ ಹತ್ತಿ ಕೂಗಿಕೊಂಡಿದ್ದೆ. ಫೈರ್‌ಮನ್ ಬಂದು ಅದನ್ನು ಗೋಣಿಚೀಲಕ್ಕೆ ಹಾಕಿ ಕಾಂಪೌಂಡಿನಾಚೆ ಬಿಟ್ಟಿದ್ದ. ಮಿಲಿಟರಿ ಇಂಗ್ಲಿಷಿನಲ್ಲಿ ಅದು ಹೀಗಾಯಿತು: ಸರ್ಕಾರಿ ದಾಖಲೆಗಳಿಗೆ ಸರೀಸೃಪದಿಂದ ಅಪಾಯ ಒದಗಿದಾಗ ಈ ನೌಕರರು ಎತ್ತರದ ಸ್ಥಾನವನ್ನು ವಶಪಡಿಸಿಕೊಂಡು, ಸಕಾಲದಲ್ಲಿ ಎಚ್ಚರಿಕೆ ನೀಡಿ, ಕಾರ್ಯಾಚರಣೆ ಮುಗಿಯುವವರೆಗೂ ಸ್ಥಾನ ಬಿಟ್ಟು ಕದಲಲಿಲ್ಲ.

ಒಂದಕ್ಷರ ಸುಳ್ಳಿರಲಿಲ್ಲ. ಒಟ್ಟು ಗ್ರೇಡು 8.9. ಕರ್ನಲ್ ಸಾಹೇಬರು ಪೆಟ್ಟಿಗೆಯ ಮೇಲೆ ಕಾಗದ ಇಟ್ಟು ಸೈನ್ ಮಾಡಿದರು.

ಅವರ ಜಾಗಕ್ಕೆ ಬಂದ ಮೇಜರ್ ಸಾಹೇಬರಿಗೆ ಒಂದು ದುರಭ್ಯಾಸವಿತ್ತು: ಓದುವುದು. ಎಲ್ಲರ ಡೋಸಿಯರ್ ತರಿಸಿಕೊಂಡು ಓದಿದರು, ಸಾಲದ್ದಕ್ಕೆ ನಂಬಿದರು. ವಾರದೊಳಗೆ ಆರ್ಡರ್ ಬಂತು. ನನ್ನ ನಾಯಕತ್ವವನ್ನು ಮನ್ನಿಸಿ ಅಗ್ನಿಶಾಮಕ ಕವಾಯತಿನ ಸಿವಿಲಿಯನ್ ತಂಡಕ್ಕೆ ನಾಯಕ. ನನ್ನ ಬೇರಿಂಗನ್ನು ಮನ್ನಿಸಿ ಬ್ರಿಗೇಡಿಯರ್ ಬಂದಾಗ ಮೊದಲ ಸಾಲಿನಲ್ಲಿ ನಿಲ್ಲಬೇಕಾದವನು. ಪೆನ್ ಪಿಕ್ಚರನ್ನು ಮನ್ನಿಸಿ ಡಿಪೋದ ಹಾವು ವಿಷಯಕ್ಕೆ ನೋಡಲ್ ವ್ಯಕ್ತಿ. ನನ್ನಾಕೆಗೆ ಹೇಳಿದೆ. “ಮನೇಲಿ ಹಲ್ಲಿ ಬಂದ್ರೆ ನನ್ನ ಕರೀತೀರಲ್ಲ, ಅದನ್ನೂ ಬರೆಸಿದ್ರಾ?” ಎಂದಳು.

ಮಳೆ ಹಿಡಿಯಿತು. ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಿದ್ದಾಗ ಆರ್ಡರ್ಲಿ ಓಡಿಬಂದ. “ಬಾಬೂಜಿ, ಸಾಬ್ ಕೇ ಆಫೀಸ್ ಮೇ ಸಾಂಪ್! ಆಪ್ಕೋ ಬುಲಾಯಾ ಹೈ.”

ಹೋದೆ. ಮೇಜರ್ ಸಾಹೇಬರು ಒಂದು ಮೂಲೆಯಲ್ಲಿ ನೆಟ್ಟಗೆ ನಿಂತಿದ್ದರು. ಎದುರು ಮೂಲೆಯಲ್ಲಿ, ಟ್ರೋಫಿಗಳಿದ್ದ ಬೀರುವಿನ ಕೆಳಗಿನಿಂದ, ಮಾರುದ್ದದ ಕೇರೆ ಹಾವು ತಲೆ ಹೊರಗೆ ಹಾಕಿತ್ತು. ಅದು ನನ್ನ ಕಡೆ ತಿರುಗಿದ್ದಷ್ಟೇ ನೆನಪು. ಮುಂದೆ ನೋಡಿದರೆ ನಾನು ಸಾಹೇಬರ ಟೇಬಲ್ಲಿನ ಗಾಜಿನ ಮೇಲಿದ್ದೆ. ಒಂದು ಕಾಲು ಡಾಕ್ ಪ್ಯಾಡಿನ ಮೇಲೆ, ಇನ್ನೊಂದು ಪೆನ್ ಸ್ಟ್ಯಾಂಡಿನಲ್ಲಿ. ಬಾಯಿ ತನ್ನಷ್ಟಕ್ಕೆ ತಾನೇ ಕೂಗುತ್ತಿತ್ತು.

ಫೈರ್‌ಮನ್ ಚೀಲ ಹಿಡಿದು ಬಂದ. ಮೊಣಕಾಲೂರಿ, ಬಾಲ ಹಿಡಿದು ಎಳೆದು, ತಲೆಯ ಹಿಂದೆ ಬೆರಳಿಟ್ಟು, ಚೀಲದೊಳಗೆ ಇಳಿಸಿ ಬಾಯಿ ಕಟ್ಟಿದ. “ಇಲಿ ಹುಡುಕ್ಕೊಂಡು ಬಂದೈತೆ ಸಾರ್, ಪಾಪದ್ದು” ಅಂದು ಹೊರಟೇಹೋದ.

ಮೇಜರ್ ಸಾಹೇಬರು ನನ್ನನ್ನು ಕೆಳಗಿನಿಂದ ಮೇಲೆ ನೋಡಿದರು. “ಕಳೆದ ವರ್ಷವೂ ಹೀಗೆಯೇ?”

“ಎಸ್ ಸರ್. ಸೇಮ್ ಪ್ರೊಸೀಜರ್.”

ಆಮೇಲೆ ಅವರು ಫೈರ್‌ಮನ್ನನ ಡೋಸಿಯರ್ ತರಿಸಿದರು. ಅವನಿಗೆ 5.4. ‘ಗುಡ್’. ಹೀಗೇ ಆದರೆ ಅವನ ಎರಡನೇ ಎಂಎಸಿಪಿಗೆ ಕತ್ತರಿ. ಯಾಕೆ ಹೀಗೆ ಎಂದು ಕೇಳಿದರು. ಬಡೇಬಾಬು ಇದ್ದದ್ದನ್ನು ಇದ್ದ ಹಾಗೆ ಹೇಳಿದರು: “ಸರ್, ಅವನಿಗೆ ಡ್ರಾಫ್ಟ್ ಮಾಡೋಕೆ ಬರಲ್ಲ.”

ಮಾರ್ಚ್ ಕಳೆಯಿತು. ಮೇಜರ್ ಸಾಹೇಬರು ಸ್ವಂತ ಕೈಬರಹದಲ್ಲಿ ನನಗೆ 6.1 ಕೊಟ್ಟರು. ಅರ್ಜಿ ಹಾಕೋಣವೆಂದು ಹಲ್ಲು ಕಡಿದು ನಿಯಮ ನೋಡಿದೆ. ಆರರಿಂದ ಎಂಟರ ಒಳಗಿದ್ದರೆ ‘ವೆರಿ ಗುಡ್’! ಇಡೀ ಡಿಪೋ ನನ್ನನ್ನು ಟೇಬಲ್ ಮೇಲೆ ನೋಡಿದ ವರ್ಷವೂ ಭಾರತ ಸರ್ಕಾರದ ಲೆಕ್ಕದಲ್ಲಿ ನಾನು ಬಹಳ ಒಳ್ಳೆಯವನು. ಅರ್ಜಿ ಹರಿದು ಹಾಕಿದೆ.

ಫೈರ್‌ಮನ್ನನಿಗೆ ಒಂಬತ್ತು ಎಂದು ನಿರ್ಧರಿಸಿ, ಪೆನ್ ಪಿಕ್ಚರ್ ಡ್ರಾಫ್ಟ್ ಮಾಡುವ ಕೆಲಸವನ್ನು ನನಗೇ ಹಚ್ಚಿದರು. ಮನಸ್ಸಿಟ್ಟು ಬರೆದೆ. ಸರೀಸೃಪ, ದಾಖಲೆಗಳಿಗೆ ಅಪಾಯ, ಸಮಯಪ್ರಜ್ಞೆ, ಎಲ್ಲವೂ ಬಂದವು. ನನಗೆ ಬರುವುದು ಅದೊಂದೇ ಇಂಗ್ಲಿಷ್.

ರಿವ್ಯೂಯಿಂಗ್ ಅಧಿಕಾರಿ ಬ್ರಿಗೇಡಿಯರ್ ಸಾಹೇಬರಿಂದ ಕೆಂಪು ಶಾಯಿಯಲ್ಲಿ ಪ್ರಶ್ನೆ ಬಂತು: “ಕಳೆದ ವರ್ಷ ಒಬ್ಬ ಯುಡಿಸಿಯ ವರದಿಯಲ್ಲಿ ಇದೇ ಹಾವಿತ್ತು. ಒಂದು ಹಾವಿಗೆ ಎಷ್ಟು ಜನ ಔಟ್‌ಸ್ಟ್ಯಾಂಡಿಂಗ್?”

ಕೂತು ವಿವರಣೆ ಟೈಪ್ ಮಾಡಿದೆ. ಹಾವುಗಳು ಎರಡು, ಕಟ್ಟಡಗಳು ಬೇರೆ, ಹಿಡಿದವನು ಎರಡೂ ಬಾರಿ ಫೈರ್‌ಮನ್, ಸದರಿ ಯುಡಿಸಿ ಎರಡೂ ಬಾರಿ ಮೇಲ್ವಿಚಾರಣೆಯಲ್ಲಿದ್ದರು. ಮೇಲ್ವಿಚಾರಣೆ ಎಂಬ ಮಾತಿಗೆ ಮೇಜರ್ ಸಾಹೇಬರು ಪೆನ್ಸಿಲ್ಲಿನಲ್ಲಿ ‘ಟೇಬಲ್ಲಿನ ಮೇಲಿಂದ’ ಎಂದು ಸೇರಿಸಿ ಕಳಿಸಿದರು.

ಬ್ರಿಗೇಡಿಯರ್ ಸಾಹೇಬರು ಒಂಬತ್ತನ್ನು ಏಳಕ್ಕೆ ಇಳಿಸಿದರು. ಏಳೂ ‘ವೆರಿ ಗುಡ್’ ಆದ್ದರಿಂದ ಫೈರ್‌ಮನ್ನನ ಹಾದಿಗೆ ಅಡ್ಡಿಯಾಗಲಿಲ್ಲ. ಅವನು ನಮಗೆಲ್ಲ ಮೈಸೂರು ಪಾಕು ಹಂಚಿದ. ಜೊತೆಗೆ ಇನ್ನೊಂದು ಆದೇಶವೂ ಬಂದಿತ್ತು: ಡಿಪೋದಲ್ಲಿ ಹಾವುಗಳ ಹಾವಳಿ ಹೆಚ್ಚಿರುವಂತೆ ಕಾಣುವುದರಿಂದ ಪ್ರತಿ ತಿಂಗಳೂ ಹಾವಿನ ರಿಟರ್ನ್ ಕಳಿಸತಕ್ಕದ್ದು. ಕಳಿಸಬೇಕಾದವನು ನೋಡಲ್ ವ್ಯಕ್ತಿ.

ತಿಂಗಳ ಕೊನೆಗೆ ಟೈಪ್ ಮಾಡಲು ಕೂರುತ್ತೇನೆ. ಫೈರ್‌ಮನ್ ಅಲುಗಾಡುವ ಚೀಲ ಹಿಡಿದು ಬಾಗಿಲಲ್ಲಿ ನಿಂತು, “ಸಾರ್, ಇದನ್ನೂ ಬರ್ಕೊಳ್ಳಿ” ಅನ್ನುತ್ತಾನೆ. “ಬೇಡಪ್ಪ, ಸಂಖ್ಯೆ ತೋರಿಸಿದ್ರೆ ಕಾರಣ ಕೇಳ್ತಾರೆ” ಎಂದು ‘ನಿಲ್’ ಹೊಡೆದು ಡಾಕಿಗೆ ಹಾಕುತ್ತೇನೆ. ಸಕಾಲದಲ್ಲಿ ರಿಟರ್ನ್ ಕಳಿಸುವುದಕ್ಕೆ ಈ ವರ್ಷ ನನಗೆ ಎಂಟು ಸಿಕ್ಕಿದೆ.