ಸತ್ತ ಹಲ್ಲಿನ ಪರವಾಗಿ

ಹಲ್ಲು ಹುಳುಕಾದರೆ ಮೊದಲು ಲವಂಗದೆಣ್ಣೆ, ಆಮೇಲೆ ನೋವಿನ ಮಾತ್ರೆ, ಕೊನೆಗೆ ‘ಕಿತ್ತು ಬಿಸಾಕಿ ಡಾಕ್ಟ್ರೇ, ಪೀಡೆ ತೊಲಗಲಿ’ ಎಂಬ ತೀರ್ಪು. ಉಗುರುಸುತ್ತಿಗೆ ಬೆರಳು ಕೊಡಲೊಪ್ಪದ ಮನುಷ್ಯ ಹಲ್ಲಿನ ವಿಷಯದಲ್ಲಿ ಮಾತ್ರ ಕರ್ಣನಾಗುತ್ತಾನೆ. 32 ಇವೆಯಲ್ಲ, ಒಂದು ಹೋದರೇನು ಎಂಬ ಧೈರ್ಯ. ಆದರೆ ಹಲ್ಲು ಒಂದೊಂದಾಗಿ ಹೋಗುವ ಪೈಕಿಯಲ್ಲ. ಕೆಳದವಡೆಯದೊಂದನ್ನು ಕೀಳಿಸಿದರೆ ಪಕ್ಕದ್ದು ಖಾಲಿ ಜಾಗಕ್ಕೆ ವಾಲುತ್ತದೆ, ಜೊತೆ ತಪ್ಪಿದ ಮೇಲಿನದು ಇಳಿಯತೊಡಗುತ್ತದೆ, ಕೆಲಸವಿಲ್ಲದ ಮೂಳೆ ಕರಗುತ್ತದೆ. ಬ್ರಿಡ್ಜ್ ಕಟ್ಟಿಸೋಣವೆಂದರೆ ಏನೂ ಪಾಪ ಮಾಡದ ಅಕ್ಕಪಕ್ಕದ ಹಲ್ಲುಗಳನ್ನೂ ಉಜ್ಜಿ ಸಣ್ಣ ಮಾಡಬೇಕು.

ಇಂಪ್ಲಾಂಟ್ ಇದೆಯಲ್ಲ ಎನ್ನುವವರುಂಟು. ಇದೆ, ಚೆನ್ನಾಗಿಯೂ ಇದೆ. ಟೈಟಾನಿಯಂ ಮೂಳೆಗೆ ಬೆಸೆದುಕೊಳ್ಳುವುದನ್ನು ಸ್ವೀಡನ್ನಿನ ಬ್ರೋನೆಮಾರ್ಕ್ ಮೊಲದ ಕಾಲಿನಲ್ಲಿ ಕಂಡು, 1965ರಲ್ಲಿ ಮನುಷ್ಯನ ದವಡೆಗೆ ತಂದರು. ಆದರೆ ಹುಟ್ಟುಹಲ್ಲಿನ ಬೇರಿಗೂ ಮೂಳೆಗೂ ನಡುವೆ ತೆಳುವಾದ ನಾರಿನ ಪದರವೊಂದಿದೆ. ಅನ್ನದಲ್ಲಿ ಕಲ್ಲು ಸಿಕ್ಕಿದಾಕ್ಷಣ ಚಾಡಿ ಹೇಳಿ ದವಡೆಯನ್ನು ನಿಲ್ಲಿಸುವುದು ಮುಖ್ಯವಾಗಿ ಅದೇ. ಟೈಟಾನಿಯಂಗೆ ಆ ಸೂಕ್ಷ್ಮವಿಲ್ಲ. ರೂಟ್ ಕೆನಾಲಿನಲ್ಲಿ ನರ ತೆಗೆಸಿಕೊಂಡು ‘ಸತ್ತ’ ಹಲ್ಲಿಗೆ ಇದೆ; ಪದರ ಇರುವುದು ಬೇರಿನ ಹೊರಗಡೆ ತಾನೆ? ನರ ಹೋದ ಕಾಲುವೆಗೆ ತುಂಬುವ ಗಟ್ಟಾ ಪರ್ಚಾ ಆಗ್ನೇಯ ಏಷ್ಯಾದ ಮರದ ಹಾಲು. 19ನೇ ಶತಮಾನದಲ್ಲಿ ಕಡಲಡಿಯ ಟೆಲಿಗ್ರಾಫ್ ತಂತಿಗೆ ಹೊದಿಸುತ್ತಿದ್ದದ್ದೂ ಅದನ್ನೇ. ಅಟ್ಲಾಂಟಿಕ್ಕನ್ನು ಸಹಿಸಿದ ಸರಕಿಗೆ ನಮ್ಮ ಎಂಜಲು ಯಾವ ಲೆಕ್ಕ!

ಸತ್ತದ್ದನ್ನು ಬಾಯಲ್ಲಿಟ್ಟುಕೊಂಡರೆ ಮೈಗೆಲ್ಲ ವಿಷವೇರದೇ ಎಂಬ ಅಂಜಿಕೆ ಕಳೆದ ಶತಮಾನದ ಆರಂಭದಲ್ಲಿ ವೈದ್ಯರಿಗೇ ಇತ್ತು. ಕೀಲುನೋವಿಗೂ ಹಲ್ಲು ಕಿತ್ತರು. ಹಲ್ಲು ಹೋಯಿತು, ಕೀಲುನೋವು ಉಳಿಯಿತು, ಆ ವಾದ ಪುರಾವೆಯಿಲ್ಲದೆ ಬಿದ್ದುಹೋಯಿತು. ಖರ್ಚಿನ ಆಕ್ಷೇಪಣೆ ಮಾತ್ರ ನಗುವಂಥದ್ದಲ್ಲ. ಕೀಳಿಸುವುದು ಅಗ್ಗ, ಕೈಯಲ್ಲಿ ಕಾಸಿಲ್ಲದವರಿಗೆ ಬೇರೆ ದಾರಿಯೂ ಇಲ್ಲ. ಬೇರಿನವರೆಗೆ ಸೀಳಿದ ಹಲ್ಲಿನ ಪರ ನಾನೂ ವಾದಿಸಲಾರೆ. ನನ್ನ ತಕರಾರು ಕಾಸಿದ್ದೂ ರೂಟ್ ಕೆನಾಲಿನಿಂದ ಅರ್ಧಕ್ಕೇ ಎದ್ದುಬರುವವರ ಮೇಲೆ. ನೋವು ನಿಂತಿತಲ್ಲ, ಕ್ಯಾಪ್ ಯಾಕೆ ದಂಡಕ್ಕೆ ಎಂದು ಅವರು ಡಾಕ್ಟರ ಫೋನೆತ್ತುವುದಿಲ್ಲ. ಕೊರೆಸಿಕೊಂಡ ದವಡೆಹಲ್ಲಿನಲ್ಲಿ ಉಳಿದಿರುವುದು ಗೋಡೆ ಮಾತ್ರ. ಗೌರಿಹಬ್ಬದ ಚಕ್ಕುಲಿಗೆ ಅದು ಎರಡು ಹೋಳಾಗುತ್ತದೆ. ‘ರೂಟ್ ಕೆನಾಲ್ ಮಾಡಿಸಿದ್ದೇ ದಂಡ, ಆವತ್ತೇ ಕೀಳಿಸಬೇಕಿತ್ತು’ ಎಂದು ಊರೆಲ್ಲ ಹೇಳಿಕೊಂಡು ಬರುವವರೂ ಇವರೇ.